ಹತ್ತಕ್ಕಿಂತ ಕಡಿಮೆ

ಕೊಡುವ ವಿಷಯದಲ್ಲಿ ‘ಕಡಿಮೆ’ ಎಂಬ ಮಾತು ಬಂದರೆ ನನ್ನ ಕೈ ಓಡುವುದಿಲ್ಲ. ಇದನ್ನು ಔದಾರ್ಯ ಎಂದುಕೊಳ್ಳಬೇಡಿ, ಬರೀ ಚಾಳಿ. ಎಂಬತ್ತರ ದಶಕದ ಕೊನೆಯಲ್ಲಿ ಈ ಚಾಳಿ ನನ್ನ ಅನ್ನಕ್ಕೇ ಕಲ್ಲು ಹಾಕಿತ್ತು.

ಆಗ ಪಾಣೆಮಂಗಳೂರಿನಲ್ಲಿ ನನ್ನದೊಂದು ಟೈಪಿಂಗ್ ಶಾಲೆ ಇತ್ತು. ಶಾಲೆ ಎಂದರೆ ಐದು ಯಂತ್ರ, ಇಬ್ಬರು ವಿದ್ಯಾರ್ಥಿಗಳು. ಉಳಿದವರೆಲ್ಲ ಮೂಡುಬಿದಿರೆಯ ಹೊಸ ಕಂಪ್ಯೂಟರ್ ತರಗತಿಗೆ ಹಾರಿದ್ದರು. ನಲವತ್ತೆರಡರ ಪ್ರಾಯದಲ್ಲಿ ನಾನೂ ಅವರ ಹಿಂದೆಯೇ ಬಸ್ಸು ಹತ್ತಿದೆ. ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋಗುವಂತೆ ಒಳಗೆ ಹೋಗಬೇಕು. ಕಲಿಸುವವಳು ಬೆಳ್ತಂಗಡಿಯ ವಸಂತಿ, ನನ್ನ ಹಳೆಯ ಶಿಷ್ಯೆ. ಮೂರು ತಿಂಗಳಾದ ಮೇಲೆ ಒಂದು ದಿನ ಅವಳೇ ಹೇಳಿದಳು: “ಸರ್, ಇಲ್ಲಿಗೆ ಇನ್ನೊಬ್ಬರು ಮಾಸ್ಟ್ರು ಬೇಕಂತೆ. ಒಂದು ಪರೀಕ್ಷೆ ಉಂಟು. ನೀವೂ ಕೂತುಕೊಳ್ಳಿ.” ನನಗೆ ಆ ಕೆಲಸ ಬೇಕೇ ಬೇಕಿತ್ತು. ಟೈಪಿಂಗ್ ಶಾಲೆ ಮುಚ್ಚಿದರೆ ಸಂಸಾರಕ್ಕೆ ಬೇರೆ ದಾರಿ ಇರಲಿಲ್ಲ.

ಪರೀಕ್ಷೆ ಇಷ್ಟೆ: ಲೂಪ್ ಬರೆದು ಪರದೆಯ ಮೇಲೆ ಹತ್ತು ಸಲ ನಮಸ್ಕಾರ ಹಾಕಿಸುವುದು. ಲೂಪ್ ಎಂದರೆ ಒಂದೇ ಕೆಲಸವನ್ನು ಎಣಿಸಿ ಎಣಿಸಿ ಮಾಡಿಸುವ ಉಪಾಯ. ಎಲ್ಲಿಂದ ಶುರು, ಎಲ್ಲಿಯವರೆಗೆ, ಪ್ರತಿ ಸಲ ಎಷ್ಟು ಏರಬೇಕು ಎಂದು ಹೇಳಿದರೆ ಮುಗಿಯಿತು. ನಾವು ಕಲಿಯುತ್ತಿದ್ದ ‘ಸಿ’ ಎಂಬ ಕಂಪ್ಯೂಟರ್ ಭಾಷೆಯವರು ಸೊನ್ನೆಯಿಂದ ಎಣಿಸುತ್ತಾರೆ. ಉಳಿದವರು ಇದಕ್ಕೆ ತಲೆ ಕೆರೆದುಕೊಂಡರು, ನನಗೆ ಸಲೀಸು. ಅಕ್ಕಿ ಅಂಗಡಿಯಿಟ್ಟಿದ್ದ ನಮ್ಮಪ್ಪ ಸೇರಿನಲ್ಲಿ ಅಳೆಯುವಾಗ ‘ಒಂದು’ ಎಂದದ್ದೇ ಇಲ್ಲ. ‘ಲಾಭ, ಎರಡು, ಮೂರು’ ಎಂದೇ ಎಣಿಸುವವರು. ಮೊದಲನೆಯದಕ್ಕೆ ಬೇರೆ ಹೆಸರಿಡುವುದು ನಮಗೇನು ಹೊಸತೆ?

ಎಡವಿದ್ದು ಕೊನೆಯಲ್ಲಿ. ಎಣಿಕೆ ‘ಹತ್ತಕ್ಕಿಂತ ಕಡಿಮೆ’ ಇರುವವರೆಗೆ ಎಂದು ಬರೆಯಬೇಕು. ಕಡಿಮೆ! ಅಳೆದಾದ ಮೇಲೆ ಒಂದು ಹಿಡಿ ಕೊಸರು ಹಾಕದೆ ಗಿರಾಕಿಯನ್ನು ಕಳಿಸದ ಮನೆಯವನು ನಾನು. ಬೆರಳು ತಾನಾಗಿಯೇ ‘ಅಥವಾ ಸಮ’ ಎಂಬ ಚಿಹ್ನೆಯನ್ನೂ ಒತ್ತಿಬಿಟ್ಟಿತು. ಸೊನ್ನೆಯಿಂದ ಒಂಬತ್ತರವರೆಗೆ ಎಣಿಸಿದರೇ ಹತ್ತು ಸಲ ಆಗುತ್ತದೆ. ನಾನು ಹತ್ತನ್ನೂ ಸೇರಿಸಿದ್ದೆ. ಪರದೆಯ ಮೇಲೆ ಹನ್ನೊಂದು ನಮಸ್ಕಾರ.

“ಎಂತ ಮಾರಾಯ್ರೆ, ಒಂದು ಧರ್ಮಕ್ಕಾ?” ಎಂದರು ತರಗತಿಯ ಯಜಮಾನರು. ಅಪ್ಪನ ಕೊಸರಿನ ಕತೆಯನ್ನು ಇದ್ದ ಹಾಗೆ ಹೇಳಿದೆ. ಹೊಟ್ಟೆ ಹಿಡಿದು ನಕ್ಕರು. ಕೆಲಸವನ್ನು ಮಾತ್ರ, ಸರಿಯಾಗಿ ಹತ್ತೇ ಹಾಕಿದ್ದ ಯುವಕನಿಗೆ ಕೊಟ್ಟರು. ವಾಪಸು ಬರುವ ಬಸ್ಸು ಬಂಟ್ವಾಳ ಮುಟ್ಟುವವರೆಗೂ ನನಗೆ ಅಪ್ಪನ ಮೇಲೆ ಸಿಟ್ಟೋ ಸಿಟ್ಟು.

ವಾರ ಕಳೆದಿರಲಿಲ್ಲ, ವಸಂತಿ ನಮ್ಮ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. “ಸರ್, ನಾಳೆಯಿಂದ ನೀವೇ ಬರಬೇಕಂತೆ. ಇಡೀ ಕ್ಲಾಸ್ ಹನ್ನೊಂದು ಹಾಕ್ತಾ ಉಂಟು. ಹೊಸ ಮಾಸ್ಟ್ರು ತಪ್ಪು ಅಂತ ಮಾತ್ರ ಹೇಳ್ತಾರೆ. ಯಾಕೆ ತಪ್ಪು ಅಂತ ಹೇಳ್ಲಿಕ್ಕೆ ಅವರಿಗೆ ಗೊತ್ತಾಗುವುದಿಲ್ಲ.”

ಆ ಯುವಕನಿಗೆ ಲೂಪ್ ಬರುತ್ತಿತ್ತು. ಅದು ಎಲ್ಲಿ ಕೈಕೊಡುತ್ತದೆ ಎಂಬುದು ನನಗೆ ಬರುತ್ತಿತ್ತು. ಆಮೇಲಿನ ಇಪ್ಪತ್ತು ವರ್ಷ ನಾನು ಸಂಬಳ ತೆಗೆದುಕೊಂಡದ್ದು ಆ ಎರಡನೆಯ ವಿದ್ಯೆಗೆ.