ಸೊನ್ನೆ ಕೊಟ್ಟ ಪ್ರಬಂಧ

ಇಪ್ಪತ್ತೆರಡು ವರ್ಷದಿಂದ ಚಂದ್ರಾ ಲೇಔಟಿನ ಒಂದು ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೇನೆ. ಮೂಗಿನ ತುದಿಯಲ್ಲೇ ಕೋಪ ಇರುವವಳು ಅಂತ ನನಗೆ ಹೆಸರಿದೆ, ಅದು ಸುಳ್ಳಲ್ಲ. ತರಕಾರಿಯವನ ತಕ್ಕಡಿ, ಆಟೋ ಮೀಟರು, "ಐದೇ ನಿಮಿಷ, ಬಂದೆ" ಅನ್ನುವ ಗಂಡನ ಮಾತು, ಯಾವುದನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ ನಾನು. ಅಂಥವಳು ಕಳೆದ ವರ್ಷ ಒಂದು ಫೋನಿನ ಮಾತನ್ನು ಕಣ್ಣು ಮುಚ್ಚಿಕೊಂಡು ನಂಬಿಬಿಟ್ಟೆ.

ಆಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಎಐ ಮಾತೇ. ಮಕ್ಕಳು ಹೋಂವರ್ಕನ್ನು ಅದರ ಕೈಲಿ ಬರೆಸಿಕೊಂಡು ಬರುತ್ತಾರೆ, ಸಿಕ್ಕಿಬಿದ್ದವರಿಗೆ ಸೊನ್ನೆ ಕೊಡಬೇಕು, ಮನೆಯವರನ್ನು ಕರೆಸಬೇಕು ಅಂತ ಮೀಟಿಂಗಿನಲ್ಲಿ ತೀರ್ಮಾನವಾಯಿತು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ನಾನೇ. ಸಿಕ್ಕಿಬಿದ್ದರು ಅಂತ ಗೊತ್ತಾಗುವುದು ಹೇಗೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಅದೇ ವಾರ ಹತ್ತನೇ ಕ್ಲಾಸಿಗೆ 'ಪರಿಸರ ಸಂರಕ್ಷಣೆಯಲ್ಲಿ ನಮ್ಮ ಪಾತ್ರ' ಅಂತ ಪ್ರಬಂಧ ಕೊಟ್ಟಿದ್ದೆ. ಅದರ ಅಂಕ ಆಂತರಿಕ ಅಂಕಕ್ಕೆ ಸೇರುತ್ತದೆ. ಆ ಕ್ಲಾಸಿನಲ್ಲಿ ಹೇರೋಹಳ್ಳಿಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಕೊನೆಯ ಬೆಂಚು, ಮಾತು ಕಮ್ಮಿ, ಕ್ಲಾಸಿನಲ್ಲಿ ಬರೆಸಿದರೆ ಸಾಲಿಗೆರಡು ತಪ್ಪು. ಮನೆಯಿಂದ ಬರೆದು ತಂದ ಈ ಪ್ರಬಂಧದಲ್ಲಿ ಒಂದೇ ಒಂದು ಕಾಗುಣಿತ ತಪ್ಪಿರಲಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲವೂ ಅಚ್ಚುಕಟ್ಟು. ನನಗೆ ಅನುಮಾನ ಬಂತು. ಫೋಟೋ ತೆಗೆದು ಫೋನಿನಲ್ಲಿದ್ದ ಎಐಗೆ ಹಾಕಿ, ಇದನ್ನು ಬರೆದದ್ದು ಮನುಷ್ಯರೋ ನೀನೋ ಅಂತ ಕೇಳಿದೆ. ವಾಕ್ಯಗಳೆಲ್ಲ ಒಂದೇ ಅಚ್ಚಿನಲ್ಲಿವೆ, ಸ್ವಂತ ಅನುಭವ ಎಲ್ಲೂ ಇಲ್ಲ, ಎಐ ಬರೆದಿರುವ ಸಾಧ್ಯತೆಯೇ ಹೆಚ್ಚು ಅಂತ ಉತ್ತರ ಬಂತು.

ಮರುದಿನ ತುಂಬಿದ ಕ್ಲಾಸಿನಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿದೆ.

"ಯಾರು ಬರ್ದಿದ್ದು ಇದು?"

"ನಾನೇ ಮಿಸ್."

"ಸುಳ್ಳು ಹೇಳ್ಬೇಡ. ಫೋನೇ ಹೇಳ್ತಾ ಇದೆ, ಇದು ನಿಂದಲ್ಲ ಅಂತ."

ಉಳಿದವರು ಮುಸಿಮುಸಿ ನಕ್ಕರು. ಅವಳು ಡೆಸ್ಕಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿ, ಅಮ್ಮನನ್ನು ಕರೆದುಕೊಂಡು ಬಾ ಅಂದೆ. ಅವತ್ತಿನಿಂದ ಮಕ್ಕಳು ಅವಳನ್ನು 'ಎಐ' ಅಂತಲೇ ಕರೆಯುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಎರಡು ದಿನ ಬಿಟ್ಟು ಅವಳ ಅಮ್ಮ ಬಂದರು. ಮೊದಲು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆ ಕಟ್ಟಿಸಿಕೊಂಡಿರುವ ಕುಟುಂಬ. ಆಕೆಯ ಮಾತಿನಲ್ಲಿ ಅಂಜಿಕೆ ಇರಲಿಲ್ಲ. ಬ್ಯಾಗಿನಿಂದ ಹಳೇ ನೋಟ್‌ಬುಕ್ ಒಂದನ್ನು ತೆಗೆದು ನನ್ನ ಮುಂದಿಟ್ಟರು.

"ಇದು ಇವ್ಳ ಅಕ್ಕನ್ದು ಮೇಡಂ. ಏಳು ವರ್ಷದ ಹಿಂದೆ ಅವ್ಳೂ ನಿಮ್ಮ ಹತ್ರಾನೇ ಓದಿದ್ದು. ಇದನ್ನ ಇಟ್ಕೊಂಡು ಇವ್ಳು ಒಂದು ವಾರ ಬಾಯಿಪಾಠ ಮಾಡಿ, ಆಮೇಲೆ ನೋಡ್ಕೊಂಡು ತಪ್ಪು ತಿದ್ದಿ ಬರೆದ್ಲು. ನಾನೇ ಎದುರಿಗೆ ಕೂರಿಸ್ಕೊಂಡು ಒಪ್ಪಿಸ್ಕೊಂಡಿದೀನಿ. ಫೋನು ಮುಟ್ಟಿಲ್ಲ ನನ್ನ ಮಗಳು."

ತೆರೆದು ನೋಡಿದೆ. ನಾನೇ ಹೇಳಿ ಬರೆಸಿ, ನಾನೇ ಮರೆತಿದ್ದ ನೋಟ್ಸು. ಪುಟದ ಕೊನೆಯಲ್ಲಿ ನನ್ನದೇ ಸಹಿ. 'ಪರಿಸರವು ಮಾನವನಿಗೆ ದೊರೆತ ಅಮೂಲ್ಯ ಕೊಡುಗೆ' ಅಂತ ಶುರುವಾಗಿ 'ಒಟ್ಟಿನಲ್ಲಿ ಹೇಳುವುದಾದರೆ' ಅಂತ ಮುಗಿಯುವವರೆಗೂ ಅಕ್ಷರ ಬಿಡದೆ ತಂಗಿಯ ಪ್ರಬಂಧದಲ್ಲಿತ್ತು. ಫೋನು ಹೇಳಿದ ಆ ಒಂದೇ ಅಚ್ಚಿನ ವಾಕ್ಯಗಳು ನನ್ನವು. ಸ್ವಂತ ಅನುಭವ ಇಲ್ಲ ಅಂದದ್ದೂ ನಿಜವೇ. "ನಿಮ್ಮ ಮನೆ ಕಥೆ ಬೇಡ, ಪಾಯಿಂಟ್ ಬರೀರಿ, ಮಾರ್ಕ್ಸ್ ಬರುತ್ತೆ" ಅಂತ ಇಷ್ಟು ವರ್ಷ ಹೇಳಿದವಳೂ ನಾನೇ.

ಪ್ರತಿ ವರ್ಷ ಗಾದೆ ವಿಸ್ತರಣೆಗೆ 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ತಪ್ಪದೆ ಕೊಡುತ್ತೇನೆ. ಇಲ್ಲಿ ನಾನು ಪ್ರತ್ಯಕ್ಷ ಕಂಡದ್ದೂ ಏನಿರಲಿಲ್ಲ. ತುಂಬಾ ನಾಚಿಕೆಯಾಯಿತು. ತಪ್ಪಾಯಿತು ಅಂದೆ. ಆಕೆ ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡು, "ನನಗೆ ಯಾಕೆ ಹೇಳ್ತೀರ ಮೇಡಂ, ಕ್ಲಾಸಲ್ಲಿ ಬೈದಿದ್ದು ಕ್ಲಾಸಲ್ಲೇ ಹೇಳಿ" ಅಂದರು.

ಸಂಜೆ ಅದೇ ಪ್ರಬಂಧವನ್ನು ಮತ್ತೆ ಫೋನಿಗೆ ಹಾಕಿ, ಇದು ಒಬ್ಬ ಟೀಚರ್ ಬರೆಸಿದ್ದು ಅಲ್ಲವೇ ಅಂದೆ. ಹೌದು, ಹಾಗೂ ಇರಬಹುದು ಅಂದಿತು, ಸ್ವಲ್ಪವೂ ಮುಜುಗರವಿಲ್ಲದೆ. ಇದರ ಮಾತು ಕಟ್ಟಿಕೊಂಡು ಒಂದು ಮಗುವನ್ನು ಕಳ್ಳಿ ಮಾಡಿದೆನಲ್ಲ ಅಂತ ಫೋನನ್ನು ಮಗುಚಿಟ್ಟೆ.

ಮಕ್ಕಳ ಮುಂದೆ ತಪ್ಪು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಆದರೂ ಮರುದಿನ ಕ್ಲಾಸಿನಲ್ಲಿ ಹೇಳಿದೆ, ನಿಂತುಕೊಂಡೇ ಹೇಳಿದೆ. ಸೊನ್ನೆ ಹೊಡೆದು ಹಾಕಿ, ಎಲ್ಲರ ಎದುರಿಗೇ ಅಂಕ ಕೊಟ್ಟೆ. ಅವಳು ತಲೆ ಎತ್ತಲಿಲ್ಲ. ಆಗ ಮುಂದಿನ ಬೆಂಚಿನ ಒಬ್ಬಳು, "ಮಿಸ್, ನೀವು ಎಐ ಯೂಸ್ ಮಾಡಲ್ವಾ?" ಅಂತ ಕೇಳಿದಳು. ಹೋದ ತಿಂಗಳ ಟೆಸ್ಟಿನ ಎರಡು ಪ್ರಶ್ನೆಗಳನ್ನು ಅದರಿಂದಲೇ ತೆಗೆದಿದ್ದೆ, ಯಾರಿಗೂ ಹೇಳಿರಲಿಲ್ಲ. ಅದನ್ನೂ ಒಪ್ಪಿಕೊಂಡೆ. ಎಲ್ಲರೂ ನಕ್ಕರು, ನನಗೂ ನಗು ಬಂತು.

ಅವತ್ತು ನಾವೇ ಕೂತು ಒಂದು ಪದ್ಧತಿ ಮಾಡಿಕೊಂಡೆವು. ಏನೇ ಬರೆದರೂ ಕೊನೆಯಲ್ಲಿ ಯಾರನ್ನು ಕೇಳಿದೆ, ಏನು ತೆಗೆದುಕೊಂಡೆ ಅಂತ ಒಂದು ಸಾಲು ಬರೆಯಬೇಕು. ಫೋನಾಗಲಿ, ಗೈಡಾಗಲಿ, ಅಕ್ಕನ ನೋಟ್ಸಾಗಲಿ, ಕೇಳಿದ್ದಕ್ಕೆ ಶಿಕ್ಷೆ ಇಲ್ಲ, ಮುಚ್ಚಿಟ್ಟರೆ ಮಾತ್ರ ಬೈಗುಳ. ನನ್ನ ಪ್ರಶ್ನೆಪತ್ರಿಕೆಗೂ ಅದೇ ಸಾಲು. ಇನ್ನು ಮಗುವಿನ ಹತ್ತಿರ ಕೂತು ಕೇಳದೆ ಯಂತ್ರದ ಮಾತಿನ ಮೇಲೆ ಅಂಕ ಕಳೆಯುವುದಿಲ್ಲ ಅಂತ ನಾನು ಮಾತು ಕೊಟ್ಟೆ. ಸ್ಟಾಫ್ ರೂಮಿನಲ್ಲಿ ಕೆಲವರು ಮೂಗು ಮುರಿದರು. 'ಎಐ' ಅನ್ನುವ ಅಡ್ಡಹೆಸರು ಮಾತ್ರ ಇನ್ನೂ ಎರಡು ವಾರ ಉಳಿದೇ ಇತ್ತು, ಕೇಳಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು.

ಮುಂದಿನ ಪ್ರಬಂಧಕ್ಕೆ 'ನಮ್ಮ ರಸ್ತೆ' ಅಂತ ಕೊಟ್ಟೆ. ಪೀಠಿಕೆ ಬೇಡ, ಮನೆ ಕಥೆಯೇ ಬೇಕು ಅಂದೆ. ಅವಳ ಪ್ರಬಂಧ ಹೀಗೆ ಶುರುವಾಗಿತ್ತು: 'ನಮ್ಮ ರಸ್ತೆಗೆ ಎರಡು ಸಲ ಟಾರು ಹಾಕಿದರು, ಮೂರು ಸಲ ಅಗೆದರು. ಈಗ ಅಜ್ಜಿ ಅದನ್ನು ರಸ್ತೆ ಅನ್ನಲ್ಲ, ಹೊಲ ಅಂತಲೇ ಅಂತಾಳೆ.' ಸಾಲಿಗೆರಡು ತಪ್ಪಿದ್ದವು. ಓದುತ್ತಾ ಓದುತ್ತಾ ಪೆನ್ನು ಕೆಳಗಿಟ್ಟೆ.

ಕೊನೆಯ ಸಾಲಿನಲ್ಲಿ ಹೀಗೆ ಬರೆದಿದ್ದಳು: 'ಫೋನು ಕೇಳಿಲ್ಲ. ಅಕ್ಕನ ನೋಟ್ಸ್ ನೋಡಿಲ್ಲ. ನೀವು ಹೇಳಿಕೊಟ್ಟಿದ್ದು ಏನೂ ಹಾಕಿಲ್ಲ ಮಿಸ್.'

ಅದರ ಕೆಳಗೆ ಸಹಿ ಹಾಕುವಾಗ ಮನಸ್ಸಿಗೆ ಚುರುಕ್ ಅಂದಿತು, ಖುಷಿಯೂ ಆಯಿತು.