ಪಿಳ್ಳಮ್ಮನ ಪಾಲಿಗೆ ಬಂದ ಮಟ್ಟಿ

ನಮ್ಮಮ್ಮ ಪಿಳ್ಳಮ್ಮನಿಗೆ ಖಾಲಿ ನೆಲ ಕಂಡರೆ ಮೈ ಉರಿಯುತ್ತಿತ್ತು. ಯಾರ ಮನೆಗೆ ಹೋದರೂ ಅವಳ ಕಣ್ಣು ಮೊದಲು ಬೀಳುತ್ತಿದ್ದುದು ಮೂಲೆಗಳ ಮೇಲೆ. "ಅಲ್ರೀ, ಇಷ್ಟು ಜಾಗ ಸುಮ್ನೆ ಬಿಟ್ಕೊಂಡಿದ್ದೀರಲ್ಲಾ, ಒಂದು ಒರಳಾದ್ರೂ ಹಾಕ್ಬಾರ್ದಾ?" ಎಂದು, ಆ ಮನೆಯವರು ಕುಡಿಯಲು ನೀರು ಕೊಡುವ ಮೊದಲೇ ಕೇಳಿಬಿಡುತ್ತಿದ್ದಳು. ಅವಳ ಜೊತೆ ಹೋಗಲು ನನಗೆ ನಾಚಿಕೆಯಾಗುತ್ತಿತ್ತು. ಈಗ ನಾನೂ ಹಾಗೇ ಆಗಿದ್ದೇನೆ, ಬಿಡಿ.

ಅವಳು ಬಾಣಸವಾಡಿಯ ತೋಟದವರ ಮಗಳು. ರಸೆಲ್ ಮಾರ್ಕೆಟ್ಟಿಗೆ ತರಕಾರಿ ಹಾಕುತ್ತಿದ್ದ ಮನೆ ಅದು. ಬದನೆ ಸಾಲಿನ ನಡುವೆ ಕೊತ್ತಂಬರಿ, ಬದುವಿನ ಮೇಲೆ ಅವರೆ, ಬಾವಿಯ ಪಕ್ಕದ ತೇವದಲ್ಲಿ ಕೆಸು. ಕೊತ್ತಂಬರಿ ಕಿತ್ತ ದಿನವೇ ಆ ಜಾಗಕ್ಕೆ ಮೂಲಂಗಿ ಬೀಜ ಬೀಳುತ್ತಿತ್ತು. ನೆಲಕ್ಕೆ ಬಿಡುವೆನ್ನುವುದೇ ಇರಲಿಲ್ಲ. ಅಲ್ಲಿ ಬೆಳೆದವಳನ್ನು ತಂದು ಹಲಸೂರಿನ ಗರಡಿ ಉಸ್ತಾದ್ ದೊಡ್ಡಮುನಿಯಪ್ಪನವರಿಗೆ, ಅಂದರೆ ನಮ್ಮಪ್ಪನಿಗೆ, ಮದುವೆ ಮಾಡಿಕೊಟ್ಟರು.

ನಮ್ಮ ಗರಡಿಯೋ, ನೆಲ ಹಾಳು ಮಾಡುವುದರಲ್ಲಿ ಎತ್ತಿದ ಕೈ. ಹೆಂಚು ಹೊದಿಸಿದ ಉದ್ದನೆಯ ಮನೆ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು. ನಟ್ಟನಡುವೆ ಕುಸ್ತಿಯ ಮಟ್ಟಿ: ಸುತ್ತ ಇಟ್ಟಿಗೆಯ ಗಿಡ್ಡ ಕಟ್ಟೆ, ಒಳಗೆ ಜರಡಿ ಹಿಡಿದು ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣು. ಮಟ್ಟಿಯ ನಾಲ್ಕೂ ಕಡೆ ದಂಡ, ಬಸ್ಕಿ ಹೊಡೆಯಲು, ಗದೆ ತಿರುಗಿಸಲು ವಿಶಾಲವಾದ ನೆಲ. ವಿಶಾಲ ಅಂದೆನಲ್ಲ, ಅದು ಹೆಸರಿಗೆ. ಒಂದು ಕಡೆ ಅಪ್ಪನ ಬೆಂಚು, ಅದರ ಸುತ್ತ ಹರಟೆ ಮಲ್ಲರು. ಇನ್ನೊಂದು ಕಡೆ ಮುರಿದ ಗದೆಗಳ ರಾಶಿ. ಮತ್ತೊಂದು ಕಡೆ ನಮ್ಮ ತಾತ ಎತ್ತುತ್ತಿದ್ದನಂತೆ ಅನ್ನುವ ಕಲ್ಲುಗುಂಡುಗಳು. ತಾತ ಸತ್ತ ಮೇಲೆ ಅವನ್ನು ಎತ್ತಿದವರೂ ಇಲ್ಲ, ಆಚೆ ಹಾಕಿದವರೂ ಇಲ್ಲ. ಕಲಿಯಲು ಬಂದ ಹುಡುಗರು ಬೀದಿಯಲ್ಲಿ ಕಾದು ಕಾದು ಬೇರೆ ಗರಡಿಗೆ ಹೋಗುತ್ತಿದ್ದರು.

ಅಮ್ಮ ಇದನ್ನೆಲ್ಲ ಹೊಸ್ತಿಲಿನಾಚೆ ನಿಂತು ನೋಡುತ್ತಿದ್ದಳು. ಹೆಂಗಸರು ಗರಡಿಯೊಳಗೆ ಕಾಲಿಡುವಂತಿರಲಿಲ್ಲ. ಹೆಂಗಸು ತುಳಿದರೆ ಮಟ್ಟಿ ಮೈಲಿಗೆಯಾಗುತ್ತದಂತೆ. ಗೋಡೆಯ ಗೂಡಿನಲ್ಲಿ ಕೂತಿದ್ದ ಆಂಜನೇಯನನ್ನು ಹೆತ್ತವಳು ಯಾರು ಎಂದು ಮಾತ್ರ ಒಬ್ಬನೂ ಕೇಳುತ್ತಿರಲಿಲ್ಲ!

"ಆ ಬೆಂಚು ಎತ್ತಿ ಆಚೆ ಹಾಕಿ ಅಂದ್ರೆ. ಇನ್ನೊಂದಷ್ಟು ಜನ ದಂಡ ಹೊಡೀಬೋದು" ಎಂದು ಅಮ್ಮ ಹೊರಗಿನಿಂದಲೇ ಕೂಗುತ್ತಿದ್ದಳು.

"ಹೊಸ್ತಿಲಾಚೆ ನಿಂತ್ಕೊಂಡು ಯಜಮಾನ್ಕೆ ಮಾಡ್ಬೇಡ. ಹೋಗು, ಮುದ್ದೆ ತಿರುವು" ಎನ್ನುತ್ತಿದ್ದರು ಅಪ್ಪ. ಅಮ್ಮ ಹೋಗಿ ಮುದ್ದೆ ತಿರುವುತ್ತಿದ್ದಳು. ಆ ದಿನದ ಮುದ್ದೆ ಕಲ್ಲಿನಂತಿರುತ್ತಿತ್ತು.

ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಅಪ್ಪ ವಿಷಮಶೀತ ಜ್ವರಕ್ಕೆ ತೀರಿಕೊಂಡರು. ಯುದ್ಧದ ಕಾಲ. ಕಂಟೋನ್ಮೆಂಟಿನ ತುಂಬ ಸಿಪಾಯಿಗಳು, ಅವರ ಹೊಟ್ಟೆಗೆ ಹಾಕಲು ಕಂಟ್ರಾಕ್ಟರುಗಳು. ಅಪ್ಪನ ತಮ್ಮ ಮುನಿವೆಂಕಟಪ್ಪನೂ ಮಿಲಿಟರಿಗೆ ಆಲೂಗೆಡ್ಡೆ, ಈರುಳ್ಳಿ ಒದಗಿಸುವ ಕಂಟ್ರಾಕ್ಟು ಹಿಡಿದಿದ್ದ. ಅವನಿಗೆ ಗೋಡೌನು ಬೇಕಿತ್ತು. ನಮಗೆ ಗರಡಿ ಬೇಕಿತ್ತು. ಪೈಲ್ವಾನರು ತಿಂಗಳಿಗೊಮ್ಮೆ ಕೊಡುವ ಕಾಣಿಕೆಯಲ್ಲೇ ಅಮ್ಮನದೂ ಒಬ್ಬಳೇ ಮಗಳಾದ ನನ್ನದೂ ಹೊಟ್ಟೆ ತುಂಬಬೇಕು. ಗರಡಿ ಮುಚ್ಚಿದರೆ ನಾವಿಬ್ಬರೂ ಚಿಕ್ಕಪ್ಪನ ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡು ಬಿದ್ದಿರಬೇಕಿತ್ತು.

ಊರ ಹಿರಿಯರು ಸಂಜೀವಪ್ಪನವರು. ಅವರ ಮನೆ ಜಗುಲಿಯ ಮೇಲೆ ಪಾಲು ಪಂಚಾಯಿತಿ ಸೇರಿತು. ಚಿಕ್ಕಪ್ಪ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ: "ಅತ್ಗೆಗೆ ಅನ್ಯಾಯ ಆಗ್ಬಾರ್ದು. ಸುತ್ತಲಿನ ನೆಲ ನನಗಿರ್ಲಿ. ಮಟ್ಟಿ ಅತ್ಗೆಗೆ ಕೊಟ್ಬಿಡಿ. ಗರಡಿಗೆ ಮಟ್ಟೀನೇ ಅಲ್ವಾ ಜೀವ?"

ಎಂಥ ಧರ್ಮಾತ್ಮ ನೋಡಿ! ಹೆಂಗಸು ತುಳಿಯಬಾರದ ಜಾಗವನ್ನು ಹೆಂಗಸಿನ ಪಾಲಿಗೆ ಹಾಕಿದ. ಕೂತಿದ್ದವರಲ್ಲಿ ಕೆಲವರು ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕರು. ನನಗೆ ಅಳು ಬಂತು. ಅಮ್ಮ ಅಳಲಿಲ್ಲ.

"ಆಯ್ತು. ಮಟ್ಟಿ ನಂದು. ಎಲ್ರೂ ಕೇಳಿಸ್ಕೊಂಡ್ರಲ್ಲಾ?" ಎಂದಳು.

"ಕೇಳಿಸ್ಕೊಂಡ್ವಮ್ಮ" ಎಂದರು ಸಂಜೀವಪ್ಪನವರು.

"ಅದರ ಕಟ್ಟೆ? ಅದರ ಮೇಲಿನ ಸೂರು? ಬಾಗಿಲಿಂದ ಅಲ್ಲಿಗೆ ಹೋಗೋ ದಾರಿ?"

"ಎಲ್ಲಾ ನಿಂದೇ. ಆದ್ರೆ ಒಂದು ಮಾತು. ಅಮಾವಾಸ್ಯೆ ಅಮಾವಾಸ್ಯೆಗೆ ಮಟ್ಟಿ ಅಗೀಬೇಕು. ಮೊದಲ ಗುದ್ದಲಿ ಉಸ್ತಾದ್ ಮನೆತನದೋರದ್ದೇ ಆಗ್ಬೇಕು, ಅದು ನಿಮ್ಮ ಮಾವನ ಕಾಲದಿಂದ ಬಂದಿದ್ದು. ಒಂದು ಅಮಾವಾಸ್ಯೆ ಅಗೀದೆ ಬಿಟ್ರೂ ಗರಡಿ ಸತ್ತ ಹಾಗೆ. ಆಗ ಆ ಜಾಗಾನೂ ಮುನಿವೆಂಕಟಪ್ಪಂಗೆ ಸೇರತ್ತೆ. ಅಲ್ಲೀವರ್ಗೂ ಮೊದಲ ಗುದ್ದಲಿ ಅವನು ಹಾಕಿಕೊಡ್ತಾನೆ. ಏನಪ್ಪಾ?"

"ಅದಕ್ಕೇನಂತೆ" ಎಂದ ಚಿಕ್ಕಪ್ಪ. ನಾಲ್ಕು ದಿನದಲ್ಲಿ ಗರಡಿ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಅವನ ಲೆಕ್ಕ. ಸುತ್ತಲೂ ನೆಲವಿಲ್ಲದೆ ಪೈಲ್ವಾನರು ದಂಡವನ್ನೇನು ಗಾಳಿಯಲ್ಲಿ ಹೊಡೆಯುತ್ತಾರೆಯೇ?

ಮಾರನೆಯ ದಿನವೇ ಅವನು ಮಟ್ಟಿಯ ಕಟ್ಟೆಗೆ ತಾಗಿದಂತೆ ಬಿದಿರ ತಟ್ಟಿ ಕಟ್ಟಿ, ಆಚೆಗೆ ಮೂಟೆ ಪೇರಿಸಿದ. ಅಪ್ಪನ ಬೆಂಚು, ಮುರಿದ ಗದೆ, ತಾತನ ಕಲ್ಲುಗುಂಡು ಎಲ್ಲವನ್ನೂ ಬೀದಿಗೆ ಹಾಕಿಸಿದ. ಅಮ್ಮ ಅದನ್ನು ನೋಡಿ, "ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡ ಕೆಲಸ ಇವನು ಒಂದು ಬೆಳಗ್ಗೆ ಮಾಡ್ಬಿಟ್ಟ" ಎಂದು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಪ್ಪನ ಶಿಷ್ಯರಲ್ಲಿ ಗಟ್ಟಿಗ ಎಂದರೆ ಕಲೀಮುಲ್ಲಾ. ಬ್ಲ್ಯಾಕ್‌ಪಳ್ಳಿಯವನು, ಅದೇ ಈಗಿನ ಶಿವಾಜಿನಗರ. ರಸೆಲ್ ಮಾರ್ಕೆಟ್ಟಿನಲ್ಲಿ ಅವನ ಮಟನ್ ಅಂಗಡಿಯಿತ್ತು. ಅಮ್ಮ ಅವನನ್ನು ಕರೆಸಿ, ಹೊಸ್ತಿಲಿನಾಚೆ ನಿಂತು, ಉದ್ದನೆಯ ಬಿದಿರು ಗಳುವಿನಲ್ಲಿ ತೋರಿಸುತ್ತ ಕೆಲಸ ಹೇಳಿದಳು.

"ಮೇಲೆ ನೋಡು. ತೊಲೆ ಇದ್ಯಲ್ಲಾ, ಅದು ನಂದು. ಗದೆಗಳನ್ನೆಲ್ಲಾ ಅಲ್ಲಿಗೆ ಹಗ್ಗದಲ್ಲಿ ಕಟ್ಟು. ಎಣ್ಣೆ ಗಡಿಗೆ, ಅರಿಶಿನದ ಗಡಿಗೆ ನೆಲುವಿನಲ್ಲಿ ತೂಗುಹಾಕು."

"ಯಾ ಅಲ್ಲಾ! ಗರಡೀನ ಅಡಿಗೆಮನೆ ಮಾಡ್ಬಿಟ್ರಲ್ಲಾ ಅಕ್ಕಾ?"

"ನಿಮ್ಮ ಗಂಡಸರು ನನಗೆ ಮಣ್ಣಿನ ಹೊಂಡ ಬಿಟ್ಟು ಬೇರೇನು ಉಳಿಸಿದ್ರು? ಬಾಯಿ ಮುಚ್ಕೊಂಡು ಕಟ್ಟು."

ಸಾಮಾನೆಲ್ಲ ಮೇಲಕ್ಕೆ ಹೋಯಿತು. ಆದರೂ ದಂಡ ಬಸ್ಕಿಗೆ ನೆಲವಿಲ್ಲ. ಅದಕ್ಕೆ ಅವಳಿಗೆ ದಾರಿ ಸಿಕ್ಕಿದ್ದು ಹಲಸೂರು ಪೇಟೆಯಲ್ಲಿ, ಉಪ್ಪು ತರಲು ಹೋದಾಗ. ಆಗಿನ ಅಂಗಡಿಗಳಿಗೆ ಈಗಿನಂತೆ ಷಟರ್ ಇರಲಿಲ್ಲ. ಉದ್ದುದ್ದ ಹಲಗೆಗಳನ್ನು ಒಂದೊಂದಾಗಿ ಜೋಡಿಸಿದರೆ ಬಾಗಿಲು, ತೆಗೆದರೆ ಅಂಗಡಿ. ಅಮ್ಮ ಉಪ್ಪು ಮರೆತು ಆ ಹಲಗೆಗಳನ್ನೇ ನೋಡುತ್ತ ನಿಂತಳಂತೆ. ಕಲೀಮುಲ್ಲಾ ಮಾರ್ಕೆಟ್ಟಿನ ಹಳೆಯ ಅಂಗಡಿಯೊಂದರ ಹಲಗೆಗಳನ್ನು ಕೈಗಾಡಿಯಲ್ಲಿ ಹಾಕಿಕೊಂಡು ಬಂದ. ಮಟ್ಟಿಯ ಈ ಕಟ್ಟೆಯಿಂದ ಆ ಕಟ್ಟೆಗೆ ಅವನ್ನು ಅಡ್ಡ ಜೋಡಿಸಿದರೆ ಗಟ್ಟಿಯಾದ ನೆಲ, ಎತ್ತಿ ತಟ್ಟಿಗೆ ಒರಗಿಸಿದರೆ ಮತ್ತೆ ಮಟ್ಟಿ!

ಅಲ್ಲಿಂದ ಶುರುವಾಯಿತು ನಮ್ಮಮ್ಮನ ಬೇಸಾಯ. ನಸುಕಿನಲ್ಲಿ ಮಟ್ಟಿಯಲ್ಲಿ ಕುಸ್ತಿ. ಬಿಸಿಲು ಏರಿದ ಮೇಲೆ ಹಲಗೆ ಜೋಡಿಸಿ ದಂಡ, ಬಸ್ಕಿ, ಗದೆ. ಮಧ್ಯಾಹ್ನ ಅದೇ ಹಲಗೆಯ ಮೇಲೆ ಮಾಲೀಸು. ಗರಡಿ ಮಾಲೀಸಿನ ಹೆಸರು ಕೇಳಿ ರಿಚರ್ಡ್ಸ್ ಟೌನಿನ ದೊರೆಗಳ ಬಟ್ಲರುಗಳು ಮಂಡಿ ಹಿಡಿದುಕೊಂಡು ಬರುತ್ತಿದ್ದರು, ನಡೆದುಕೊಂಡು ವಾಪಸು ಹೋಗುತ್ತಿದ್ದರು. ಸಂಜೆ ಹಲಗೆ ಎತ್ತಿದರೆ ಮತ್ತೆ ಕುಸ್ತಿ. ಅಪ್ಪನ ಕಾಲದಲ್ಲಿ ಇಡೀ ಮನೆಯಲ್ಲಿ ಹಿಡಿಸದ ಜನ ಈಗ ಒಂದು ಮಟ್ಟಿಯ ಅಗಲದಲ್ಲಿ ಹಿಡಿಸಿದರು. ಕೊತ್ತಂಬರಿ ಕಿತ್ತ ಜಾಗಕ್ಕೆ ಮೂಲಂಗಿ ಹಾಕುವವಳಿಗೆ ಇದೇನು ದೊಡ್ಡ ವಿದ್ಯೆಯೇ?

ಸಂಜೀವಪ್ಪನವರು ಕೋಲೂರಿಕೊಂಡು ನೋಡಲು ಬಂದರು. "ಮಟ್ಟಿ ಮೇಲೆ ಹಲಗೆ ಮುಚ್ಚೋದು ಚೆನ್ನಾಗಿಲ್ಲಮ್ಮ. ಹೆಣ ಮುಚ್ಚಿದ ಹಾಗಿದೆ."

"ನೀವು ರಾತ್ರಿ ಕಂಬಳಿ ಹೊದ್ಕೊಳ್ಳಲ್ವಾ ಮಾವ? ಅದೂ ಹೊದ್ಕೊಂಡು ಮಲ್ಕೊಂಡಿದೆ" ಎಂದಳು ಅಮ್ಮ. ಮುದುಕರು ಮಂಡಿಗೆ ಮಾಲೀಸು ಮಾಡಿಸಿಕೊಂಡು ಹೋದರು.

ಉರಿದು ಹೋದವನು ಚಿಕ್ಕಪ್ಪ. ಅವನ ಗೋಡೌನಿಗೆ ನಡುವೆಯೇ ಈ ಮಟ್ಟಿ. ಈ ಕಡೆಯ ಮೂಟೆ ಆ ಕಡೆಗೆ ಹೋಗಬೇಕಾದರೆ ಸುತ್ತಿಕೊಂಡು ಹೋಗಬೇಕು. ತಟ್ಟಿಯ ಹಿಂದೆ ಕಗ್ಗತ್ತಲು, ಗಾಳಿಯಿಲ್ಲ, ಆಲೂಗೆಡ್ಡೆ ಮೊಳಕೆ ಬಂದು ನಾರುತ್ತಿತ್ತು. ತಟ್ಟಿಯ ಈಚೆ ಹಗಲೆಲ್ಲ ತೊಡೆ ತಟ್ಟುವ ಸದ್ದು, ನಗು. ಪ್ರತಿ ಅಮಾವಾಸ್ಯೆಗೂ ಬಂದು, ಮುಖ ಸಿಂಡರಿಸಿಕೊಂಡು ಮೊದಲ ಗುದ್ದಲಿ ಹಾಕಿ ಹೋಗುತ್ತಿದ್ದ. ತನ್ನ ಕೈಯಿಂದಲೇ ಗರಡಿ ಬದುಕುತ್ತಿದೆ ಎಂಬುದು ಅವನಿಗೆ ಹೊಳೆಯಲು ಎರಡು ವರ್ಷ ಹಿಡಿಯಿತಲ್ಲ, ಅದೇ ನನಗೆ ಆಶ್ಚರ್ಯ!

ನಲವತ್ತನಾಲ್ಕರ ಮಹಾಲಯ ಅಮಾವಾಸ್ಯೆ. ಬೆಳಗ್ಗೆಯೇ ಹಲಗೆ ಎತ್ತಿ, ಎಣ್ಣೆ ಅರಿಶಿನ ಸಿದ್ಧ ಮಾಡಿಕೊಂಡು ಪೈಲ್ವಾನರೆಲ್ಲ ಕಾದರು. ಚಿಕ್ಕಪ್ಪ ಬಂದ. ಬಂದವನು ಮಟ್ಟಿಯ ಹತ್ತಿರ ಹೋಗದೆ ಬಾಗಿಲ ಪಕ್ಕದಲ್ಲಿ ತನ್ನದೇ ಮೂಟೆಯ ಮೇಲೆ ಕೂತ.

"ಸೊಂಟ ಹಿಡ್ಕೊಂಡಿದೆ ಕಣತ್ಗೆ. ಗುದ್ದಲಿ ಎತ್ತಕ್ಕಾಗಲ್ಲ."

"ಬನ್ನಿ, ಮಾಲೀಸು ಮಾಡ್ತೀನಿ. ಎದ್ದು ಕುಣೀತೀರಿ" ಎಂದ ಕಲೀಮುಲ್ಲಾ.

"ಬೇಡಪ್ಪಾ. ಈ ನೋವು ನಾಳೆವರ್ಗೂ ಬಿಡಲ್ಲ" ಎಂದು ಚಿಕ್ಕಪ್ಪ ಕಾಲ ಮೇಲೆ ಕಾಲು ಹಾಕಿದ.

ಎಲ್ಲರಿಗೂ ಅರ್ಥವಾಯಿತು. ಕಲೀಮುಲ್ಲಾ ಅಗೆಯುವಂತಿಲ್ಲ, ಮನೆತನದವನಲ್ಲ. ಮನೆತನದಲ್ಲಿ ಬೇರೆ ಗಂಡಸಿಲ್ಲ. ಸಂಜೀವಪ್ಪನವರನ್ನು ಕರೆತಂದರು. ಅವರು ಗಡ್ಡ ಕೆರೆದುಕೊಂಡು, "ಹೊತ್ತು ಮುಳುಗೋದ್ರೊಳಗೆ ಗುದ್ದಲಿ ಬೀಳ್ದಿದ್ರೆ ಪಂಚಾಯ್ತಿ ಮಾತು ಮಾತೇ. ನಾನೇನು ಮಾಡ್ಲಿ ತಾಯಿ?" ಎಂದರು.

ಅಮ್ಮ ಹೊಸ್ತಿಲಿನಾಚೆ ತನ್ನ ಎಂದಿನ ಜಾಗದಲ್ಲಿ ನಿಂತಿದ್ದಳು. ನಾನು ಅವಳ ಸೆರಗು ಹಿಡಿದುಕೊಂಡಿದ್ದೆ. ಚಿಕ್ಕಪ್ಪನ ಮನೆಯ ಬಚ್ಚಲು, ಪಾತ್ರೆ, ಚಿಕ್ಕಮ್ಮನ ಬೈಗುಳ ಎಲ್ಲಾ ನನ್ನ ಕಣ್ಣ ಮುಂದೆ ಬಂತು. ಅಮ್ಮ ನನ್ನ ಕೈಯಿಂದ ಸೆರಗು ಬಿಡಿಸಿಕೊಂಡಳು. ಅದನ್ನು ಸೊಂಟಕ್ಕೆ ಬಿಗಿದು, ಸೀರೆಯನ್ನು ನಾಟಿಗೆ ಇಳಿಯುವವಳ ಹಾಗೆ ಮೇಲಕ್ಕೆ ಸಿಕ್ಕಿಸಿ, ತಲೆ ಬಗ್ಗಿಸಿ ಒಳಗೆ ಹೋದಳು.

"ಏಯ್ ಅತ್ಗೆ! ಎಲ್ಲಿಗೆ?" ಚಿಕ್ಕಪ್ಪನ ಸೊಂಟ ನೋವು ಎಲ್ಲಿ ಹೋಯಿತೋ, ಧಡಕ್ಕನೆ ಎದ್ದು ನಿಂತ.

"ನನ್ನ ಜಾಗಕ್ಕೆ."

"ಹೆಂಗಸು ಮಟ್ಟಿ ತುಳೀತಾಳಾ? ಸಂಜೀವಪ್ಪನೋರೆ, ನೋಡ್ತಾ ಕೂತಿದ್ದೀರಲ್ಲಾ, ಹೇಳಿ!"

ಅಮ್ಮ ಕಟ್ಟೆಯ ಮೇಲೆ ನಿಂತು ತಿರುಗಿದಳು. "ಹೌದು ಮಾವ, ನೀವೇ ಹೇಳಿ. ಇದನ್ನ ನನ್ನ ಪಾಲಿಗೆ ಹಾಕ್ದೋರು ನೀವು. ನಿಲ್ಲಕ್ಕೇ ಆಗ್ದಿರೋ ನೆಲ ಯಾರಾದ್ರೂ ಪಾಲಿಗೆ ಕೊಡ್ತಾರಾ? ಕೊಟ್ಟಿದ್ದು ನಿಜ ಆದ್ರೆ ನಿಂತ್ಕೊತೀನಿ. ಬರೀ ತಮಾಷೆಗೆ ಕೊಟ್ಟಿದ್ರೆ, ಇಷ್ಟು ಜನದ ಮುಂದೆ ಈಗ್ಲೇ ಹೇಳ್ಬಿಡಿ. ಪಾಲು ಮತ್ತೆ ಮಾಡೋಣ, ಸುತ್ತಲಿನ ನೆಲ ನನಗೆ ಕೊಡಿ."

ಸಂಜೀವಪ್ಪನವರು ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ತನ್ನ ಮೂಟೆಗಳನ್ನು ನೋಡಿದ. ಮತ್ತೆ ಪಾಲೇ? ಮೆಲ್ಲಗೆ ಮತ್ತೆ ಮೂಟೆಯ ಮೇಲೆ ಕೂತ.

"ಇವನ ಅಣ್ಣನ ಮನೆ ತುಂಬಿದೋಳು ನಾನು. ಮನೆತನದೋಳಲ್ಲ ಅನ್ನಲಿ ನೋಡೋಣ" ಎಂದು ಅಮ್ಮ ಕೈ ಚಾಚಿದಳು. ಕಲೀಮುಲ್ಲಾ ಗುದ್ದಲಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ.

ಅವಳು ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಇಳಿದಳು. ತೋಟದವರ ಮಗಳಲ್ಲವೇ, ಗುದ್ದಲಿ ಹಿಡಿಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲ ಏಟಿಗೇ ಹೆಂಟೆ ಮಗುಚಿ ಬಿತ್ತು. ಒಂದು ಗುದ್ದಲಿ ಹಾಕಿ ಬರಬಹುದಿತ್ತು, ಪದ್ಧತಿಗೆ ಅಷ್ಟು ಸಾಕು. ಅವಳು ಬರಲಿಲ್ಲ. ಈ ಕಟ್ಟೆಯಿಂದ ಆ ಕಟ್ಟೆವರೆಗೆ ಒಂದಿಡೀ ಸಾಲು ಅಗೆದು, ಬೆವರು ಒರೆಸಿಕೊಂಡಳು.

"ಹೆಂಗಸು ತುಳಿದ ಮಣ್ಣಲ್ಲಿ ಇನ್ನು ಯಾವ ಗಂಡಸು ಕುಸ್ತಿ ಆಡ್ತಾನೋ ನಾನೂ ನೋಡ್ತೀನಿ" ಎಂದ ಚಿಕ್ಕಪ್ಪ.

ಪೈಲ್ವಾನರು ಬರದಿದ್ದರೆ ಅಗೆದೂ ಏನು ಬಂತು? ಆಗ ಕಲೀಮುಲ್ಲಾ ಅಂಗಿ ಬಿಚ್ಚಿ ತೊಲೆಯ ಮೇಲೆ ಎಸೆದ. ಅಮ್ಮ ಅಗೆದ ಸಾಲಿನಿಂದಲೇ ಒಂದು ಹಿಡಿ ಮಣ್ಣು ತೆಗೆದು ಹಣೆಗೆ, ಎದೆಗೆ, ತೋಳಿಗೆ ಹಚ್ಚಿಕೊಂಡು, ತೊಡೆ ತಟ್ಟಿದ. ಹೆಂಚು ನಡುಗುವ ಹಾಗೆ ತಟ್ಟಿದ. "ಬನ್ರೋ, ಯಾರು ಬರ್ತೀರಿ?"

ಒಬ್ಬ ಬಂದ. ಅವನ ಹಿಂದೆ ಇನ್ನೊಬ್ಬ ಬಂದ. ಆಮೇಲೆ ಮಟ್ಟಿಯಲ್ಲಿ ಜಾಗ ಸಾಲದೆ ಕಟ್ಟೆಯ ಮೇಲೆ ನಿಂತು ಕಾಯುವಂತಾಯಿತು.

ಅಮ್ಮ ಮೇಲಕ್ಕೆ ಹತ್ತಿ ಬಂದಾಗ ಮೊಣಕಾಲವರೆಗೂ ಕೆಮ್ಮಣ್ಣು. ಸಂಜೀವಪ್ಪನವರು ಬೇರೆ ಕಡೆ ನೋಡುತ್ತ, "ಕಾಲು ತೊಳ್ಕೊಂಡು ಹೋಗಮ್ಮ" ಎಂದರು.

"ಯಾಕೆ ತೊಳೀಲಿ? ನನ್ನ ಮಣ್ಣು" ಎಂದಳು ಅಮ್ಮ.

ಬಾಗಿಲಿಗೆ ಅವಳ ಪಾಲಿನ ದಾರಿಯಿತ್ತು. ಅವಳು ಅದರಲ್ಲಿ ಬರಲಿಲ್ಲ. ತಟ್ಟಿ ಸರಿಸಿ, ಚಿಕ್ಕಪ್ಪನ ಗೋಡೌನಿನ ನಡುವೆ, ಅವನು ಗುಡಿಸಿಟ್ಟಿದ್ದ ನೆಲದ ಮೇಲೆ ಕೆಂಪು ಹೆಜ್ಜೆ ಹಾಕಿಕೊಂಡು, ಅವನ ಮುಂದೆಯೇ ಹಾದು ಬೀದಿಗೆ ಬಂದಳು. ಬಾಗಿಲಲ್ಲಿ ತಿರುಗಿ, ಅವನಿಗೆ ಕೇಳಿಸುವ ಹಾಗೆ ನನಗೆ ಹೇಳಿದಳು:

"ನೋಡಿದ್ಯೇನೇ ಶಾಂತಾ, ಒಳಗೆ ಎಷ್ಟು ಜಾಗ ಸುಮ್ನೆ ಬಿದ್ದಿದೆ!"