ಬಿದಿರಿನ ಕೆಳಗಿನ ಮಣ್ಣು

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಮಣ್ಣಿನ ಉಷ್ಣಾಂಶ ಬರೆದುಕೊಳ್ಳಲು ಕೈಗಡಿಯಾರ ನೋಡಿದ್ದೆ, ಹಾಗಾಗಿ ಇಷ್ಟು ಖಚಿತ. ತಲೆಯೆತ್ತಿದರೆ ನನ್ನ ನೆಲದ ತುಂಡಿನ ಕೆಳಗಂಚಿನ ಒಣಹುಲ್ಲು ಹೊಗೆಯಾಡುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನಾನೂ ನನ್ನ ಕೋಣೆಯ ಗೆಳೆಯನೂ ಧಾರವಾಡದಲ್ಲಿ ಕೃಷಿಶಾಸ್ತ್ರ ಓದುತ್ತಿದ್ದೆವು. ಪ್ರಬಂಧಕ್ಕೆಂದು ಕಲಘಟಗಿಯಾಚೆಯ ಕಾಡಂಚಿನಲ್ಲಿ ಇಬ್ಬರಿಗೂ ಹಳೆಯ ಕುಮರಿ ನೆಲ ಸಿಕ್ಕಿತ್ತು. ಕಾಡು ಕಡಿದು ಸುಟ್ಟು, ಎರಡು ವರ್ಷ ರಾಗಿ ಬೆಳೆದು, ಪಾಳು ಬಿಟ್ಟುಹೋದ ಇಳಿಜಾರು ಅದು. ಚೀಟಿ ಎತ್ತಿದೆವು. ಬಿದಿರು ತುಂಬಿದ ಮೇಲಿನ ತುಂಡು ಅವನಿಗೆ ಬಂತು, ಬರೀ ಹುಲ್ಲಿದ್ದ ಕೆಳಗಿನದು ನನಗೆ.

ಅವನ ಮಣ್ಣು ಕಪ್ಪಗೆ, ಹಿಡಿದರೆ ಪುಡಿಯಾಗುತ್ತಿತ್ತು. ಬಿದಿರೆಲೆ ಕೊಳೆತು ಮೆತ್ತೆಯಾಗಿತ್ತು, ಎರೆಹುಳು ಇದ್ದವು, ಬೇರಿನ ಜಾಲ ನೆಲವನ್ನು ಕಚ್ಚಿ ಹಿಡಿದಿತ್ತು. ನನ್ನದು ಕೆಂಪಗೆ, ಗಟ್ಟಿ. ಸುರಿದ ನೀರು ನಿಲ್ಲದೆ ಹರಿದುಹೋಗುತ್ತಿತ್ತು. ಗುರುಗಳು ಅವನ ಮಣ್ಣನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. ನನ್ನದನ್ನು ಬೂಟಿನ ತುದಿಯಿಂದ ಕೆದಕಿದರು, ಅಷ್ಟೇ. ಅವನು ಹೆಬ್ಬಳ್ಳಿಯ ಒಕ್ಕಲುಮನೆಯವನು, ಚೇಷ್ಟೆ ಹೆಚ್ಚು.

"ನಿನ್ನ ಮಣ್ಣಿಗೆ ನೀರು ಕುಡಿಸಬೇಕಂದ್ರ ಬಾಯಿ ತೆರದು ಹೊಯ್ಯಬೇಕು ನೋಡಲೇ" ಎಂದ ಒಮ್ಮೆ. ನಾನೂ ನಕ್ಕೆ. ಅಂದಿನಿಂದ ಅವನು ಊಟಕ್ಕೆ ಕೂತು ಮಾತಾಡಿದರೂ ನನಗೆ ಉರಿಯುತ್ತಿತ್ತು.

ಆ ನೆಲದಲ್ಲಿ ಹಿಂದೆ ಬೆಳೆ ತೆಗೆಯುತ್ತಿದ್ದ ಅಜ್ಜನೊಬ್ಬ ನಮಗೆ ಕಾವಲಿಗಿದ್ದ. ಬೇಸಿಗೆಗೆ ಮೊದಲು ಎರಡು ತುಂಡುಗಳ ನಡುವಿನ ತರಗೆಲೆ ಗುಡಿಸಿ ಮೂರು ಮೊಳ ಅಗಲ ಬರಿನೆಲ ಮಾಡಲು ನನಗೆ ಹೇಳಿದ.

"ಬೆಂಕಿ ಕೆಳಗಿಂದ ಮ್ಯಾಲ ಏರತೈತ್ರಿ. ಅದಕ್ಕ ಕೆಳಗಿನವ್ರ ಗಡಿ ಗುಡಿಸಬೇಕು. ಅದು ನಿಮ್ಮ ಪಾಳಿ."

ಹೂಂ ಎಂದೆ. ಗುಡಿಸಲಿಲ್ಲ. ಗೆಳೆಯನನ್ನು ಮೆರೆಸುವ ಎಲೆಗಳಿಗೆ ನಾನೇಕೆ ಬೆನ್ನು ಬಗ್ಗಿಸಲಿ ಎಂದುಕೊಂಡೆ.

ಆ ಮಧ್ಯಾಹ್ನ ಬೆಂಕಿ ನನ್ನ ಹುಲ್ಲನ್ನು ನೆಕ್ಕಿ ನೇರ ಅವನ ತರಗೆಲೆಗೆ ಹತ್ತಿತು. ಬಿದಿರಿನ ಗೆಣ್ಣುಗಳು ಬಂದೂಕಿನಂತೆ ಸಿಡಿಯತೊಡಗಿದವು. ಅವನು ವರ್ಷವಿಡೀ ಅಳತೆ ಬರೆದಿಟ್ಟ ಪುಸ್ತಕ ಬಿದಿರಿನ ನಡುವಿನ ತಟ್ಟಿಯ ಗೂಡಿನಲ್ಲಿತ್ತು. ಅವನು ಒಳಗೆ ನುಗ್ಗಿದ. ನಾನು ಉಷ್ಣಮಾಪಕ ಹಿಡಿದು ನಿಂತಲ್ಲೇ ನಿಂತೆ. ಅಜ್ಜ ಅವನನ್ನು ಎಳೆದು ತಂದಾಗ ಪುಸ್ತಕವನ್ನು ಎದೆಗೆ ಅವಚಿಕೊಂಡಿದ್ದ, ಬಲಗೈ ಮೊಣಕೈವರೆಗೆ ಬೆಂದಿತ್ತು.

ಗಡಿ ಗುಡಿಸಿದ್ದೆಯಾ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಅವನ ಹಾಸಿಗೆಯ ಪಕ್ಕದಲ್ಲೇ ಮಲಗುತ್ತಿದ್ದೆ; ಕಿಟಕಿಯ ಬಾಗಿಲು ಬಡಿದರೂ ಗೆಣ್ಣು ಸಿಡಿದಂತಾಗಿ ಎದ್ದು ಕೂರುತ್ತಿದ್ದೆ.

ಜೂನ್ ಮಳೆಯ ನಂತರ ಇಬ್ಬರೂ ಹೋದೆವು. ನನ್ನ ತುಂಡಿನಲ್ಲಿ ಬೂದಿಯೂ ಮೇಲ್ಮಣ್ಣೂ ಕೊಚ್ಚಿ ಹೋಗಿ ಕೊರಕಲು ಬಿದ್ದಿತ್ತು. ಅವನ ಬಿದಿರು ಸುಟ್ಟಿತ್ತಾದರೂ ಬೇರು ಮಣ್ಣನ್ನು ಬಿಟ್ಟಿರಲಿಲ್ಲ. ಸುಟ್ಟ ಮೆಳೆಗಳ ಬುಡದಲ್ಲಿ ಕಳಲೆ ಮೂಡಿತ್ತು. ಅದನ್ನು ಕಂಡು ಆಗಲೂ ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು. ನನ್ನ ಮೇಲೆಯೇ ಹೇಸಿಗೆಯಾಗಿ ಹೇಳಿಬಿಟ್ಟೆ.

"ಗಡಿ ನಾ ಬೇಕಂತನ ಗುಡಿಸಲಿಲ್ಲ."

ಅವನು ಕಳಲೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತಿ. ಗುಡಿಸಿದ ನೆಲ ಹ್ಯಾಂಗಿರತೈತಿ ಅಂತ ಒಕ್ಕಲಿಗ್ಯಾನ ಮಗಗ ಹೇಳಿಕೊಡಬೇಕೇನು? ನೀ ಹೇಳತೀಯೋ ಇಲ್ಲೋ ಅಂತ ಕಾದೆ."

ಬಲಗೈ ಚಾಚಿ ತೋರಿಸಿದ. ಬೆರಳು ಮಡಚುತ್ತಿರಲಿಲ್ಲ. "ಸಲಿಕಿ ಹಿಡಿಯಾಕ ಆಗೂದಿಲ್ಲ. ನೀನ ಅಗಿ, ನೀನ ಬರಿ. ಆದ್ರ ಒಂದ ಕೋಣ್ಯಾಗ ಇನ್ನ ಬ್ಯಾಡ."

ಅವನು ತೋರಿಸಿದಲ್ಲೆಲ್ಲ ಅಗೆದೆ, ಅವನು ಹೇಳಿದ್ದನ್ನು ಅವನ ಪುಸ್ತಕದಲ್ಲಿ ಬರೆದೆ. ಸಂಜೆ ಅವನ ಟ್ರಂಕನ್ನು ನಾನೇ ಹೊತ್ತು ವಸತಿಗೃಹದ ಕೊನೆಯ ಕೋಣೆಯಲ್ಲಿ ಇಟ್ಟುಬಂದೆ. ಅವನು ಬಾಗಿಲು ಹಾಕಿಕೊಂಡ. ಅಂದು ಮಲಗಿದವನಿಗೆ ಎಚ್ಚರವಾದದ್ದು ಬೆಳಗಿನ ಊಟದ ಗಂಟೆಗೆ.